ಕೋಪಕ್ಕೊಂದು ಖಾತೆ, ಕಕ್ಕಡದಲ್ಲಿ ಪ್ಲ್ಯಾನು: ನನ್ನ ಅನುಭವ

ಕೋಪ, ಭಯ, ಆಸೆ ಈ ಮೂರಕ್ಕೂ ಲೆಕ್ಕದ ಪುಸ್ತಕ ಇಡುತ್ತೇನೆ ಅಂದಾಗ ನಮ್ಮ ಕಡೆ ಒಬ್ಬರೂ ನಂಬಲಿಲ್ಲ. ಕೊಡಗಿನ ಗೋಣಿಕೊಪ್ಪದಲ್ಲಿ ನಾವು ಬೆಳೆದ ಕಾಫಿ ಮಾರುವ ಅಂಗಡಿ ಮುಂದೆ ಕುಳಿತವರು, 'ಗೊಬ್ಬರದ ಲೆಕ್ಕ ಬರೆಯೋಕೇ ಟೈಮ್ ಇಲ್ಲ, ಇವನು ಸಿಟ್ಟಿನ ಲೆಕ್ಕ ಬರೀತಾನಂತೆ' ಅಂದರು. ನನ್ನ ಭಾವನಂತೂ ಎರಡು ವರ್ಷ ಇದನ್ನೇ ಹೇಳಿಕೊಂಡು ತಿರುಗಿದರು. ಈಗ ಐದಾರು ಬೆಳೆ ಆಯಿತು, ಪುಸ್ತಕ ನಡೆಯುತ್ತಿದೆ. ಹೋದ ವರ್ಷ ಭಾವನೇ ಬಂದು ಒಂದು ಹಾಳೆ ಫೋಟೋ ತೆಗೆದುಕೊಂಡು ಹೋದರು. ಅದಕ್ಕೇ ಬರೆಯುತ್ತಿದ್ದೇನೆ.

ಅಮ್ಮತ್ತಿ ಹತ್ತಿರ ನಮ್ಮದು ಹದಿನಾಲ್ಕು ಎಕರೆ ಚಿಲ್ಲರೆ. ಮುಕ್ಕಾಲು ಪಾಲು ರೋಬಸ್ಟಾ ಕಾಫಿ, ಮರಕ್ಕೆ ಕರಿಮೆಣಸು, ಕೆಳಗೆ ಸ್ವಲ್ಪ ಗದ್ದೆ. ತೋಟದ ಕೆಲಸ ನಿಮಗೆಲ್ಲ ಗೊತ್ತಿರುವುದೇ, ಅದನ್ನು ವಿವರಿಸುವುದಿಲ್ಲ. ಆದರೆ ಒಂದು ಮಾತು ಹೇಳಲೇಬೇಕು. ಅಪ್ಪನ ಕಾಲದಲ್ಲಿ ಕಾಫಿಯನ್ನು ಕಾಫಿ ಬೋರ್ಡಿನ ಪೂಲಿಗೆ (ಎಲ್ಲರ ಕಾಫಿ ಸೇರಿಸಿ ಬೋರ್ಡೇ ಮಾರುವ ವ್ಯವಸ್ಥೆ) ಹಾಕಿದರೆ ಮುಗಿಯಿತು. ಹಣ ಕಂತಿನಲ್ಲಿ ಬರುತ್ತಿತ್ತು, ತಡವಾಗಿ ಬರುತ್ತಿತ್ತು, ಆದರೆ 'ಇವತ್ತು ಮಾರಲಾ, ನಾಳೆ ಮಾರಲಾ' ಅನ್ನುವ ಚಿಂತೆ ಇರಲಿಲ್ಲ. 1996ರಲ್ಲಿ ಪೂಲ್ ಪೂರ್ತಿ ನಿಂತಿತು. ಅಲ್ಲಿಂದ ಮಾರುವ ಜವಾಬ್ದಾರಿಯ ಜೊತೆಗೆ ಮಾರುವ ಭಯವೂ ನಮ್ಮ ತಲೆಗೇ ಬಂತು. ಲಂಡನ್ ಮಾರುಕಟ್ಟೆಯಲ್ಲಿ ರೋಬಸ್ಟಾ ರೇಟು ಬಿದ್ದ ದಿನ ನಮ್ಮ ಮನೆಯಲ್ಲಿ ಊಟ ಸೇರುವುದಿಲ್ಲ ಅಂದರೆ ಅದು ಸಣ್ಣ ವಿಷಯ ಅಲ್ಲ ಅಲ್ವಾ?

ಖಾತೆ ಶುರುವಾಗಿದ್ದು ದುಡ್ಡಿನ ನೋವಿನಿಂದಲೇ. ಒಂದು ಫೆಬ್ರವರಿ, ಕೊಯ್ಲಿನ ನಡುವೆ. ಹಣ್ಣಿನ ಜೊತೆ ಹಸಿರು ಕಾಯಿ ಜಾಸ್ತಿ ಬರುತ್ತಿದೆ ಅಂತ ತೂಕದ ಹೊತ್ತಿನಲ್ಲಿ ಎಲ್ಲರ ಮುಂದೆ ಜೋರಾಗಿ ಬೈದೆ. ಅಸ್ಸಾಮಿನ ಹುಡುಗರ ಗ್ಯಾಂಗು, ಹನ್ನೆರಡೋ ಹದಿಮೂರೋ ಜನ. ಮಾರನೇ ದಿನ ಕೆಲಸದವರ ಲೈನ್ ಮನೆ ಖಾಲಿ. ಬೇರೆ ಜನ ಸಿಗುವ ಹೊತ್ತಿಗೆ ಹತ್ತು ದಿನದ ಮೇಲಾಯಿತು. ಅಷ್ಟರಲ್ಲಿ ಹಣ್ಣು ಗಿಡದಲ್ಲೇ ಒಣಗಿ ಉದುರಿತು. ಹೆಕ್ಕುವ ಕೂಲಿ ಬೇರೆ. ಹೊಸ ಗ್ಯಾಂಗು ಕಿಲೋಗೆ ಒಂದು ರೂಪಾಯಿ ಜಾಸ್ತಿ ಕೇಳಿತು, ಕೊಟ್ಟೆ. ಒಟ್ಟು ಅರವತ್ತೈದು ಸಾವಿರದ ಸುಮಾರು ಹೋಯಿತು. ಆ ರಾತ್ರಿ ಮನೆಯವಳು ಕೇಳಿದಳು: 'ಬೈದದ್ದು ಎಷ್ಟು ನಿಮಿಷ?' ಎರಡು ನಿಮಿಷ ಇರಬಹುದು.

ಅದನ್ನು ತೋಟದ ಪುಸ್ತಕದ ಹಿಂದಿನ ಹಾಳೆಯಲ್ಲಿ ಖರ್ಚು ಅಂತಲೇ ಬರೆದೆ. ತಾರೀಕು, ಯಾರ ಮೇಲೆ, ಯಾಕೆ, ಎಷ್ಟು ಹೋಯಿತು. ಆಮೇಲೆ ಹಳೆಯದೆಲ್ಲ ನೆನಪಾಯಿತು. ಬೇಲಿ ವಿಷಯಕ್ಕೆ ಕೋಪದಲ್ಲಿ ಕೊಡಿಸಿದ ಲಾಯರ್ ನೋಟೀಸು, ಉತ್ತರಕ್ಕೆ ಉತ್ತರ ಅಂತ ಹದಿನೆಂಟು ಸಾವಿರ. ಅಂಗಡಿಯವರೊಬ್ಬರು ತೇವಾಂಶ ಜಾಸ್ತಿ ಅಂತ ಕಳೆದರು ಅಂತ ಹಟಕ್ಕೆ ಮೆಣಸು ಮೂಟೆಯನ್ನು ಮನೆಗೆ ವಾಪಸ್ ತಂದು ಕಟ್ಟಿಟ್ಟದ್ದು. ಆಗ ಕಿಲೋಗೆ ಆರುನೂರು ಚಿಲ್ಲರೆ ಇತ್ತು. ಹಟ ಇಳಿಯುವ ಹೊತ್ತಿಗೆ ಮೆಣಸು ನಾನೂರರ ಕೆಳಗೆ ಬಂದಿತ್ತು. 2015-16ರ ರೇಟಿನ ಆಸೆಗೆ ಮೆಣಸು ಇಟ್ಟುಕೊಂಡು 2019ರಲ್ಲಿ ಮುನ್ನೂರರ ಹತ್ತಿರ ಮಾರಿದವರು ಕೊಡಗಿನಲ್ಲಿ ಎಷ್ಟು ಜನ ಬೇಕು? ಎಲ್ಲ ಕೂಡಿಸಿದರೆ ಮೂರು ವರ್ಷದಲ್ಲಿ ಮೂರು ಲಕ್ಷದ ಹತ್ತಿರ ಬಂತು. ಗೊಬ್ಬರದ ಖರ್ಚಿಗಿಂತ ಅದೇ ಜಾಸ್ತಿ.

ಖಾತೆ ಬರೆದ ಕೂಡಲೇ ಕೋಪ ನಿಲ್ಲಲಿಲ್ಲ. ಬೇರೆ ಏನೇನೋ ಮಾಡಿದೆ. ಮೈಸೂರಿನಲ್ಲಿ ಒಂದು ಶಿಬಿರಕ್ಕೆ ಹೋದೆ, ಊಟ ವಸತಿ ಸೇರಿ ಹನ್ನೆರಡು ಸಾವಿರ. ಅಲ್ಲಿದ್ದಾಗ ಚೆನ್ನಾಗಿತ್ತು. ಮನೆಗೆ ಬಂದು ಒಂದು ವಾರ ಬೆಳಿಗ್ಗೆ ಕಣ್ಣು ಮುಚ್ಚಿ ಕುಳಿತೆ. ಕರೆಂಟ್ ಹೋಗಿ ಮೋಟರ್ ನಿಂತ ದಿನ ಅದೂ ನಿಂತಿತು. ಮೊಬೈಲ್ ಆ್ಯಪಿಗೆ ವರ್ಷಕ್ಕೆ ಎರಡು ಸಾವಿರ ಕಟ್ಟಿದೆ. ಅದು ಗಂಟೆ ಬಾರಿಸುವ ಹೊತ್ತಿಗೆ ನಾನು ನೆಟ್‌ವರ್ಕ್ ಇಲ್ಲದ ಹಳ್ಳದ ಪಕ್ಕ ಇರುತ್ತಿದ್ದೆ. ಕೋಪ ಬಂದಾಗ ಮಾತೇ ಆಡುವುದಿಲ್ಲ ಅಂತ ಮೌನ ಹಿಡಿದೆ. ಅದು ಇನ್ನೂ ಕೆಟ್ಟದಾಯಿತು. ಬೈದರೆ ಏನು ವಿಷಯ ಅಂತಾದರೂ ಗೊತ್ತಾಗುತ್ತದೆ, ಸುಮ್ಮನಿದ್ದರೆ ಮೇಸ್ತ್ರಿ ಮೂರು ದಿನ ಹೆದರಿಕೊಂಡೇ ಇದ್ದ.

ಸೌದೆ ಒಡೆದರೆ ಸಿಟ್ಟು ಇಳಿಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನಾನು ಪರೀಕ್ಷೆ ಮಾಡಿ ನೋಡಿದೆ. ಇಳಿಯುವುದಿಲ್ಲ, ಏರುತ್ತದೆ. ಪ್ರತಿ ಏಟಿಗೂ ಎದುರಿನವನ ಮಾತು ನೆನಪಾಗುತ್ತದೆ. ಇಳಿಸಿದ್ದು ಕಾಫಿ ಒಣಗಿಸುವ ಕಣ. ಕೊಯ್ಲಿನ ಕಾಲದಲ್ಲಿ ಕಿವಿ ಬಿಸಿಯಾಯಿತು ಅಂದ ಕೂಡಲೇ (ನನಗೆ ಮೊದಲು ಬಿಸಿಯಾಗುವುದು ಕಿವಿ, ನಿಮಗೆ ಬೇರೆ ಇರಬಹುದು) ಮರದ ಹಲುಬೆ ಹಿಡಿದು ಕಣಕ್ಕೆ ಹೋಗುತ್ತೇನೆ. ಚೆರಿಯನ್ನು, ಅಂದರೆ ಸಿಪ್ಪೆ ಸಮೇತ ಒಣಗಿಸುವ ಕಾಫಿ ಹಣ್ಣನ್ನು, ಉದ್ದಕ್ಕೆ ಸಾಲು ಎಳೆಯುವುದು, ತಿರುಗಿ ಅಡ್ಡಕ್ಕೆ ಎಳೆಯುವುದು. ಅರ್ಧ ಒಣಗಿದ ಚೆರಿ ಗುಡುಗುಡು ಅನ್ನುತ್ತದೆ, ಪೂರ್ತಿ ಒಣಗಿದ್ದು ಗಲಗಲ ಅನ್ನುತ್ತದೆ. ಆ ಶಬ್ದಕ್ಕೆ ಕಿವಿ ಕೊಟ್ಟು ಎರಡು ಸುತ್ತು ಎಳೆದರೆ ಹದಿನೈದು ನಿಮಿಷ. ಬೈಯುವ ಆತುರ ಅಲ್ಲಿಗೆ ಹೋಗುತ್ತದೆ. ಹೇಳಬೇಕಾದ ಮಾತು ಮಾತ್ರ ಉಳಿಯುತ್ತದೆ. ಕಣ ಇಲ್ಲದ ತಿಂಗಳಲ್ಲಿ ಗಿಡದ ಚಿಗುರು ತೆಗೆಯುತ್ತೇನೆ, ಅದೂ ಆಗುತ್ತದೆ. ಆ ಹೊತ್ತಿನಲ್ಲಿ ಮನಸ್ಸಿನಲ್ಲಿ ಒಂದು ಎಣಿಕೆ ಮಾಡುತ್ತೇನೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಹೇಳಿಕೊಟ್ಟರೆ ಅದರ ಕೆಲಸ ಹೋಗುತ್ತದೆ ಅನ್ನುವುದು ನನ್ನ ನಂಬಿಕೆ.

ಆದರೆ ಇದೆಲ್ಲ ಬೆಂಕಿ ಬಿದ್ದ ಮೇಲಿನ ಕೆಲಸ. ನಿಜವಾಗಿ ದಾರಿ ಬದಲಾಗಿದ್ದು ಕಕ್ಕಡದಲ್ಲಿ.

ಕಕ್ಕಡ ಅಂದರೆ ನಿಮಗೆ ಗೊತ್ತು, ಕೊಡವರ ಲೆಕ್ಕದ ಮಳೆಯ ತಿಂಗಳು, ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ ಹೊರಗೆ ಕಾಲಿಡಲಾಗದ ಮಳೆ. ನಾಟಿ ಕೆಲಸ ಬಿಟ್ಟರೆ ತೋಟದಲ್ಲಿ ಹೆಚ್ಚೇನೂ ಇಲ್ಲ. ರೇಟಿನ ಗಲಾಟೆ ಕಡಿಮೆ. ಯಾರ ಮೇಲೂ ಸಿಟ್ಟು ಇರುವುದಿಲ್ಲ. ಆಗ ಹೊಳೆಯಿತು: ವರ್ಷದ ಎಲ್ಲ ನಿರ್ಧಾರ ನಾವು ಮಾಡುವುದು ಜನವರಿಯಿಂದ ಏಪ್ರಿಲ್ ಒಳಗೆ. ಅದೇ ಮೈ ಮನಸ್ಸು ಎರಡೂ ಸುಡುವ ಕಾಲ. ಆ ನಿರ್ಧಾರಗಳನ್ನೆಲ್ಲ ಕಕ್ಕಡಕ್ಕೆ ಎಳೆದುಕೊಂಡರೆ? ಬಿಸಿಲಿನಲ್ಲಿ ಹೊಸದಾಗಿ ಯೋಚನೆ ಮಾಡುವುದೇ ಬೇಡ, ಮಳೆಯಲ್ಲಿ ಬರೆದದ್ದನ್ನು ಮಾಡಿದರೆ ಸಾಕು.

ಇದಕ್ಕೆ ಮನಃಶಾಸ್ತ್ರದಲ್ಲೂ ಆಧಾರ ಇದೆ ಅಂತ ಆಮೇಲೆ ಗೊತ್ತಾಯಿತು. ಪೀಟರ್ ಗೋಲ್‌ವಿಟ್ಜರ್ ಅನ್ನುವವರು 1999ರಲ್ಲೇ 'ಹೀಗಾದರೆ ಹೀಗೆ ಮಾಡುತ್ತೇನೆ' ಅಂತ ಮುಂಚೆ ಕಟ್ಟಿಕೊಳ್ಳುವ ಪ್ಲ್ಯಾನಿನ ಬಗ್ಗೆ ಬರೆದಿದ್ದಾರೆ. ನಾನು ಓದಿ ಮಾಡಿದ್ದಲ್ಲ, ಮಾಡಿ ಓದಿದ್ದು.

ಹಾಳೆ ನಡುವೆ ಗೆರೆ. ಎಡಕ್ಕೆ ಏನು ಆಗಬಹುದು, ಬಲಕ್ಕೆ ಆಗ ನಾನು ಏನು ಮಾಡುತ್ತೇನೆ. 'ಹೂ ಮಳೆ (ಕಾಫಿ ಹೂ ಅರಳಿಸುವ ಮಳೆ) ಮಾರ್ಚ್ ಮೊದಲ ವಾರ ಬರದಿದ್ದರೆ: ಮೋಡ ನೋಡಿಕೊಂಡು ಕೂರುವುದಿಲ್ಲ, ಕೆರೆ ಪಕ್ಕದ ಐದು ಎಕರೆಗೆ ಸ್ಪ್ರಿಂಕ್ಲರ್.' 'ಅರ್ಧ ಇಂಚು ಮಾತ್ರ ಬಂದರೆ: ಮಾರನೇ ದಿನವೇ ಪೈಪ್ ಎಳೆದು ಒಂದೂವರೆ ಇಂಚಿಗೆ ತರುವುದು.' 'ಮೂಟೆಗೆ ವಾರದಲ್ಲಿ ಐನೂರು ಇಳಿದರೆ: ಮಾರುವುದಿಲ್ಲ, ಮುಂದಿನ ಶನಿವಾರದವರೆಗೆ ಅಂಗಡಿ ಕಡೆ ಹೋಗುವುದಿಲ್ಲ.' 'ಐನೂರು ಏರಿದರೆ: ಬರೆದಿಟ್ಟ ಪಾಲು ಮಾರುವುದು, ಇನ್ನೂ ಏರಬಹುದು ಅಂತ ಕಾಯುವುದಿಲ್ಲ.' ಮನೆ ವಿಷಯವೂ ಇದೆ. 'ಮಗ ಕಾಲೇಜು ಬಿಡುತ್ತೇನೆ ಅಂದರೆ: ಆ ರಾತ್ರಿ ಊಟ ಮಾಡಿ ಮಲಗುವುದು. ಮಾತು ಭಾನುವಾರ.' ಮಗ ಅಂದೂಬಿಟ್ಟ, ಡಿಸೆಂಬರಿನಲ್ಲಿ. ಭಾನುವಾರದ ಹೊತ್ತಿಗೆ ಗೊತ್ತಾಗಿದ್ದು, ಕಾಲೇಜು ಬೇಡ ಅಂತಲ್ಲ, ಹಾಸ್ಟೆಲ್ ಬೇಡ ಅಂತ.

ಬರೆದದ್ದಕ್ಕೆ ಮನೆಯವಳ ಸಹಿ ಬೇಕು. ಈ ಒಂದು ನಿಯಮ ಇಲ್ಲದಿದ್ದರೆ ಪುಸ್ತಕ ನಡೆಯುವುದಿಲ್ಲ, ಅನುಭವದಿಂದ ಹೇಳುತ್ತಿದ್ದೇನೆ. ಹಾಳೆ ಬದಲಿಸಬೇಕಾದರೂ ಇಬ್ಬರೂ ಕೂತು, ಮಾರನೇ ದಿನ ಬೆಳಿಗ್ಗೆ ಕಾಫಿ ಆದ ಮೇಲೆ.

ಮೊದಲ ಪರೀಕ್ಷೆ ಕೆರೆ ವಿಷಯದಲ್ಲಿ ಬಂತು. ಕೆರೆ ನಮಗೂ ದೊಡ್ಡಪ್ಪನ ಮಗನಿಗೂ ಸೇರಿದ್ದು. ಮಾರ್ಚ್‌ನಲ್ಲಿ ಸರದಿ ನಮ್ಮದು. ಬೆಳಿಗ್ಗೆ ಪೈಪ್ ಹೊತ್ತುಕೊಂಡು ಹೋದರೆ ಅಣ್ಣನ ಡೀಸೆಲ್ ಮೋಟರ್ ಆಗಲೇ ಓಡುತ್ತಿದೆ. ಹಿಂದಿನ ವರ್ಷ ಇದೇ ಜಾಗದಲ್ಲಿ ಇಬ್ಬರೂ ಕಾಲರ್ ಹಿಡಿದಿದ್ದೆವು, ಹಿರಿಯರು ಬಂದು ಬಿಡಿಸಿದ್ದರು. ಹಾಳೆಯಲ್ಲಿ ಬರೆದಿತ್ತು: 'ಕೆರೆ ಹತ್ತಿರ ಮಾತಿಲ್ಲ. ಸಂಜೆ ಅವರ ಮನೆಗೆ ಹೋಗುವುದು, ಅತ್ತಿಗೆ ಕೊಟ್ಟ ಕಾಫಿ ಕುಡಿದ ಮೇಲೆ ಬಾಯಿ ಬಿಡುವುದು.' ಪೈಪ್ ಅಲ್ಲೇ ಇಳಿಸಿ ವಾಪಸ್ ಬಂದೆ. ನನ್ನ ಕೆಲಸದವರೇ ನನ್ನನ್ನು ವಿಚಿತ್ರವಾಗಿ ನೋಡಿದರು.

ಸಂಜೆ ಹೋದೆ. ಕಾಫಿ ಬಂತು, ಕುಡಿದೆ.

'ಅಣ್ಣ, ಮೋಟರ್ ಇವತ್ತೇ ಯಾಕೆ ಹಾಕಿದಿರಿ?'

'ಬಾಡಿಗೆ ಮೋಟರ್ ಮಾರಾಯ. ಶುಕ್ರವಾರ ಅವನಿಗೆ ವಾಪಸ್ ಕೊಡಬೇಕು. ನಿನಗೆ ಹೇಳೋಣ ಅಂದ್ರೆ, ಹೋದ ವರ್ಷದ್ದು ನೆನಪಾಗಿ ಫೋನ್ ಮಾಡಲಿಲ್ಲ.'

ನನ್ನ ಮೋಟರ್ ಅವರಿಗೆ ಎರಡು ರಾತ್ರಿ ಕೊಟ್ಟೆ. ಅವರು ಬಾಡಿಗೆಯದನ್ನು ಅವತ್ತೇ ಬಿಟ್ಟರು, ನಮ್ಮ ಸರದಿ ಮೂರು ದಿನ ತಡವಾಯಿತು, ಅಷ್ಟೇ. ಹೂವು ಚೆನ್ನಾಗೇ ಆಯಿತು. ಈಗ ಕೆರೆ ಹೂಳು ತೆಗೆಸುವ ಖರ್ಚನ್ನೂ ಇಬ್ಬರೂ ಅರ್ಧರ್ಧ ಹಾಕುತ್ತೇವೆ. ಕಾಫಿ ಆದ ಮೇಲೆ ಯಾವ ಮಾತಿನಿಂದ ಶುರು ಮಾಡಬೇಕು ಅನ್ನುವುದಕ್ಕೂ ನನ್ನದೊಂದು ಕ್ರಮ ಇದೆ. ಮೇಲೆ ಬರೆದದ್ದರಲ್ಲೇ ಇದೆ, ಹುಡುಕಿದರೆ ಸಿಗುತ್ತದೆ.

ದೊಡ್ಡ ಪರೀಕ್ಷೆ ರೇಟು. 2020ರ ಸುಮಾರಿಗೆ ರೋಬಸ್ಟಾ ಚೆರಿ ಐವತ್ತು ಕಿಲೋ ಮೂಟೆಗೆ ಮೂರೂವರೆ ಸಾವಿರದ ಆಸುಪಾಸು. ಕಾಫಿ ಕಿತ್ತು ಬೇರೆ ಏನಾದರೂ ಹಾಕೋಣ ಅಂದವರೇ ಜಾಸ್ತಿ. ನಮ್ಮ ಹಾಳೆಯಲ್ಲಿ ಹತ್ತು ವರ್ಷದ ಪ್ಲ್ಯಾನು ಇತ್ತು: ವರ್ಷಕ್ಕೆ ಮುಕ್ಕಾಲು ಎಕರೆ ಹಳೇ ಗಿಡ ತೆಗೆದು ಸಿ ಎಕ್ಸ್ ಆರ್ ಅನ್ನುವ ರೋಬಸ್ಟಾ ತಳಿ ಹಾಕುವುದು, ರೇಟು ಎಷ್ಟೇ ಇರಲಿ. ಹೊಸ ಗಿಡ ಕೈಗೆ ಕಾಸು ಕೊಡಲು ಮೂರು ನಾಲ್ಕು ವರ್ಷ ಬೇಕು, ಆದ್ದರಿಂದ ಈ ವರ್ಷದ ರೇಟು ನೋಡಿ ಗಿಡ ಹಾಕುವುದರಲ್ಲಿ ಅರ್ಥ ಇಲ್ಲ. ಎಕರೆಗೆ ಒಂದು ಲಕ್ಷದ ಮೇಲೆ ಖರ್ಚು ಬಂತು, ಚಿನ್ನ ಅಡ ಇಟ್ಟೆವು. ಭಾವ ಆಗಲೇ 'ಬಿದ್ದ ಬೆಲೆಗೆ ಗಿಡ ಹಾಕುವವನು' ಅಂತ ಹೆಸರಿಟ್ಟಿದ್ದು. 2024ರಲ್ಲಿ ಮೂಟೆ ಹತ್ತು ಸಾವಿರ ದಾಟಿತು. ಆ ಹೊತ್ತಿಗೆ ನಮ್ಮ ಮೊದಲ ಎರಡು ತುಂಡು ಫಸಲಿಗೆ ಬಂದಿತ್ತು.

ರೇಟು ಏರುವಾಗ ಮನಸ್ಸು ಹಿಡಿಯುವುದು ಇಳಿಯುವಾಗಿನದಕ್ಕಿಂತ ಕಷ್ಟ. ಏಳು ಸಾವಿರಕ್ಕೇ ಎಲ್ಲ ಕೊಟ್ಟು ಕೈ ಹಿಸುಕಿಕೊಂಡವರಿದ್ದಾರೆ, ಇನ್ನೂ ಏರುತ್ತದೆ ಅಂತ ಗೋಡೌನಿನಲ್ಲೇ ಇಟ್ಟು ಆಮೇಲೆ ಇಳಿಕೆಯಲ್ಲಿ ಮಾರಿದವರೂ ಇದ್ದಾರೆ. ನಾವು ಪಾಲು ಮಾಡಿ ಮಾರಿದೆವು. ಎಷ್ಟು ಪಾಲು, ಯಾವ ರೇಟಿಗೆ ಯಾವ ಪಾಲು ಅನ್ನುವುದು ನಮ್ಮ ಸಾಲ, ಮಕ್ಕಳ ಫೀಸು ನೋಡಿ ಹಾಕಿದ್ದು, ಅದನ್ನು ಹೇಳಿದರೂ ನಿಮಗೆ ಉಪಯೋಗ ಇಲ್ಲ. ಸರಾಸರಿ ಎಂಟೂವರೆ ಸಾವಿರದ ಮೇಲೆ ಬಿತ್ತು. ಅತಿ ಮೇಲಿನ ರೇಟು ಸಿಗಲಿಲ್ಲ, ಆದರೆ ಆ ವರ್ಷ ರಾತ್ರಿ ನಿದ್ದೆ ಬಂತು. ಅಡ ಇಟ್ಟ ಚಿನ್ನ ಬಿಡಿಸಿದೆವು.

ನಡುವೆ ಒಂದು ಸಣ್ಣ ಪ್ರಯೋಗ. ರೇಟಿನ ವಾಟ್ಸಾಪ್ ಗ್ರೂಪು ಎಲ್ಲ ಮ್ಯೂಟ್ ಮಾಡಿ, ಬುಧವಾರ ಶನಿವಾರ ಮಾತ್ರ ನೋಡುವುದು. ಮೊದಲ ವಾರ ಕೈ ತಾನಾಗೇ ಮೊಬೈಲ್ ಕಡೆ ಹೋಗುತ್ತಿತ್ತು. ತಿಂಗಳಾದ ಮೇಲೆ ಮನೆಯಲ್ಲಿ ಜಗಳ ಅರ್ಧಕ್ಕರ್ಧ ಕಡಿಮೆಯಾಯಿತು, ಇದನ್ನು ನಾನಲ್ಲ, ಮಗಳು ಹೇಳಿದ್ದು. ಸಂಜೆ ನಾಲ್ಕರ ಮೇಲೆ ಕಾಫಿ ಬಿಟ್ಟರೆ ಸಿಟ್ಟು ಕಡಿಮೆ ಆಗುತ್ತದಾ ಅಂತಲೂ ನೋಡಿದೆ. ನಿದ್ದೆ ಚೆನ್ನಾಯಿತು, ಸಿಟ್ಟಿಗೂ ಅದಕ್ಕೂ ಸಂಬಂಧ ಕಾಣಲಿಲ್ಲ.

ಹಾಳೆಗೆ ಸಿಗದ ವಿಷಯವೂ ಇದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದಾಗ ಇಡೀ ಜಿಲ್ಲೆಗೆ ಭಯ ಹಿಡಿಯಿತು. ನಮ್ಮ ಜಾಗಕ್ಕೆ ಏನೂ ಆಗಲಿಲ್ಲ. ಆದರೂ ಒಬ್ಬ ಬ್ರೋಕರ್ ಬಂದು ಅರ್ಧ ಬೆಲೆಗೆ ಕೇಳಿದ, ಅಪ್ಪ ಕೊಟ್ಟುಬಿಡೋಣ ಅಂದರು. ಆಗ ಪುಸ್ತಕ ಇರಲಿಲ್ಲ. ಇನ್ನೊಂದು ಮಳೆಗಾಲ ನೋಡಿ ಮಾತಾಡೋಣ ಅಂತ ಅಮ್ಮ ತಡೆದರು. ಅದನ್ನೇ ಈಗ ಮೊದಲ ಹಾಳೆಯ ಮೇಲೆ ಬರೆದಿದ್ದೇನೆ: 'ಜಾಗ ಮಾರುವ ಮಾತು ಬಂದರೆ: ಇನ್ನೊಂದು ಮಳೆಗಾಲ.' ಕಳೆದ ಬಾರಿ ಆನೆ ಬಂದು ಒಂದು ರಾತ್ರಿಯಲ್ಲಿ ಮೂವತ್ತು ನಲವತ್ತು ಎಳೆ ಗಿಡ ತುಳಿದಾಗ ಬೆಳಿಗ್ಗೆ ನನ್ನ ಬಾಯಿಗೂ ಅದೇ ಮಾತು ಬಂತು. ಮನೆಯವಳು ಪುಸ್ತಕ ತಂದು ಮುಂದಿಟ್ಟಳು.

ಶುರು ಮಾಡುವವರು ದೊಡ್ಡ ಪ್ಲ್ಯಾನಿಗೆ ಕೈ ಹಾಕಬೇಡಿ. ಮೊದಲು ಖಾತೆ ಬರೆಯಿರಿ, ಒಂದು ಕೊಯ್ಲು ಪೂರ್ತಿ. ದುಡ್ಡು ಹೋದದ್ದನ್ನು ಮಾತ್ರ ಬರೆಯಿರಿ, ಮನಸ್ಸಿನ ಬೇಜಾರೆಲ್ಲ ಬರೆಯಲು ಹೋದರೆ ಹದಿನೈದು ದಿನದಲ್ಲಿ ಬಿಟ್ಟುಬಿಡುತ್ತೀರಿ. ಆಮೇಲೆ ಕಕ್ಕಡದಲ್ಲಿ, ಜಾಸ್ತಿ ದುಡ್ಡು ತಿಂದ ಮೂರು ವಿಷಯಕ್ಕೆ ಮಾತ್ರ ಹಾಳೆ ಮಾಡಿ. ನಮ್ಮಲ್ಲಿ ಈಗ ಇಪ್ಪತ್ತರ ಮೇಲಿದೆ. ಈ ಸಲ ಕಕ್ಕಡದ ಹದಿನೆಂಟನೇ ದಿನ ಮದ್ದು ಸೊಪ್ಪಿನ ಪಾಯಸ ಕುಡಿದು ಬರೆಯಬೇಕಾದದ್ದು ಅಣ್ಣನಿಗೂ ನಮಗೂ ಜಾಗ ಪಾಲಾಗುವ ವಿಷಯ. ಅವರೂ ಬಂದು ಕೂರುತ್ತೇನೆ ಅಂದಿದ್ದಾರೆ, ತಮ್ಮದೇ ಪುಸ್ತಕ ತರುತ್ತಾರಂತೆ.