ಊರಿಗೆ ತಕ್ಕ ಮಳೆಮಾಪಕ

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟುವ ಮಳೆ ಚಳ್ಳಕೆರೆ ತಲುಪುವಷ್ಟರಲ್ಲಿ 500ರ ಆಸುಪಾಸಿಗೆ ಇಳಿದಿರುತ್ತದೆ. ನಡುವೆ ಇರುವುದು ಒಂದು ಹಗಲಿನ ಬಸ್ ದಾರಿ. ಆದ್ದರಿಂದ ಮನೆಯಲ್ಲೇ ಮಳೆಮಾಪಕ ಮಾಡುವವರು ಮೊದಲು ತೀರ್ಮಾನಿಸಬೇಕಾದ್ದು ನೀರು ಹಿಡಿಯುವ ಕ್ಯಾನು ಎಷ್ಟು ದೊಡ್ಡದಿರಬೇಕು ಎಂಬುದನ್ನು.

ಬಾಯಿಯ ಒಳಅಗಲ 16 ಸೆಂ.ಮೀ. ಇರುವ ಆಲಿಕೆ ತನ್ನಿ. ಅಂಚು ಒಂದೆರಡು ಇಂಚಾದರೂ ನೆಟ್ಟಗೆ ನಿಂತಿರಲಿ, ಚಪ್ಪಟೆ ಆಲಿಕೆಯಿಂದ ದಪ್ಪ ಹನಿ ಹೊರಗೆ ಸಿಡಿಯುತ್ತದೆ. ಈ ಬಾಯಿಯ ವಿಸ್ತೀರ್ಣ ಸುಮಾರು 200 ಚದರ ಸೆಂ.ಮೀ.; ಸೇರಿದ ಪ್ರತಿ 20 ಮಿ.ಲೀ. ನೀರು 1 ಮಿ.ಮೀ. ಮಳೆಗೆ ಸಮ. ಬೇರೆ ಅಳತೆಯ ಆಲಿಕೆಯೇ ಸಿಕ್ಕಿತೆ? ಅಗಲವನ್ನು ಅಗಲದಿಂದಲೇ ಗುಣಿಸಿ, 0.785ರಿಂದ ಗುಣಿಸಿ, 10ರಿಂದ ಭಾಗಿಸಿ. ಬರುವ ಸಂಖ್ಯೆಯೇ 1 ಮಿ.ಮೀ.ಗೆ ಎಷ್ಟು ಮಿ.ಲೀ. ಎಂಬುದು.

ಬಯಲುಸೀಮೆಗೆ 2 ಲೀಟರ್ ಬಾಟಲಿ ಸಾಮಾನ್ಯವಾಗಿ ಸಾಕು, 100 ಮಿ.ಮೀ. ಹಿಡಿಯುತ್ತದೆ. ಕರಾವಳಿಗೂ ಮಲೆನಾಡಿಗೂ 10 ಲೀಟರ್ ಕ್ಯಾನೇ ಆಗಬೇಕು. ಒಂದು ದಿನಕ್ಕೆ 300 ಮಿ.ಮೀ. ಹೊಯ್ದರೆ 6 ಲೀಟರ್ ನೀರಾಯಿತು. ಚೆಲ್ಲಿಹೋದ ಲೆಕ್ಕ ಮತ್ತೆ ಸಿಗದು, ಚೆಲ್ಲುವುದೂ ವರ್ಷದ ದೊಡ್ಡ ಮಳೆಯಲ್ಲೇ.

ಆಲಿಕೆಯ ಬಾಯಿ ನೆಲದಿಂದ 30 ಸೆಂ.ಮೀ. ಮೇಲೆ, ಮಟ್ಟವಾಗಿ ಇರಲಿ. ಎತ್ತರ ಹೆಚ್ಚಿದಷ್ಟೂ ಗಾಳಿ ಹನಿಗಳನ್ನು ಪಕ್ಕಕ್ಕೆ ತಳ್ಳಿ ಅಳತೆ ಕಡಿಮೆ ಬರುತ್ತದೆ. ತಾರಸಿಯ ಮೇಲಿಡುವುದು ಬೇಡವೇ ಬೇಡ. ಮರ ಎಷ್ಟು ಎತ್ತರವೋ ಅದರ ಎರಡು ಪಟ್ಟು ದೂರ ಬಿಡಿ. ಅಡಿಕೆ ತೋಟದೊಳಗೆ ಇದು ಆಗದ ಮಾತು, ಅಡಿಕೆ ಒಣಗಿಸುವ ಅಂಗಳದ ನಡುವೆ ಇಡಿ. ಸುತ್ತ ಸಿಮೆಂಟಿದ್ದರೆ ಬಿದ್ದ ಹನಿ ಚಿಮ್ಮಿ ಒಳಗೆ ಹೋಗುತ್ತದೆ, ಹುಲ್ಲು ಅಥವಾ ಗೋಣಿಚೀಲ ಹಾಸಿ.

ಬೆಳಿಗ್ಗೆ 8:30ಕ್ಕೆ ಅಳೆಯಿರಿ, ಹವಾಮಾನ ಇಲಾಖೆಯ ಹೊತ್ತೂ ಅದೇ. ತುಂತುರಿಗೆ 20 ಮಿ.ಲೀ. ಸಿರಿಂಜ್ ಬಹಳ ಅನುಕೂಲ: ಒಂದು ಸಲ ತುಂಬಿದರೆ 1 ಮಿ.ಮೀ. ಬಯಲುಸೀಮೆಯ ಬೇಸಿಗೆ ಮಳೆಯನ್ನು ಮಾತ್ರ ನಿಂತ ಕೂಡಲೇ ಅಳೆದು ಬರೆದಿಡಿ, ಬಿಸಿಲಿಗೆ ನೀರು ಆರಿಹೋಗುತ್ತದೆ. ದಿನದ ಒಟ್ಟು ಮಳೆಗೆ ಅದನ್ನೂ ಕೂಡಿಸಿ. ಒಟ್ಟು 2.5 ಮಿ.ಮೀ. ಮುಟ್ಟಿದರೆ ಅದು ಮಳೆ ದಿನ. ಎಕರೆ ಲೆಕ್ಕಕ್ಕೆ 1 ಮಿ.ಮೀ. ಅಂದರೆ ಸುಮಾರು 4,000 ಲೀಟರ್.

ತಾರೀಖಿನ ಪಕ್ಕದಲ್ಲಿ ಆರಿದ್ರಾ, ಪುಷ್ಯ, ಹಸ್ತ ಎಂದು ಮಳೆ ನಕ್ಷತ್ರವನ್ನೂ ಬರೆಯಿರಿ. ಮುಂದಿನ ವರ್ಷ ಬಿತ್ತನೆಗೆ ಮುಂಚೆ ಪುಸ್ತಕ ತೆರೆದಾಗ ಮನೆಯ ಹಿರಿಯರಿಗೂ ಲೆಕ್ಕ ಸಲೀಸಾಗಿ ಅರ್ಥವಾಗುತ್ತದೆ.