ಮಳೆ, ದೂಳು, ಉಪ್ಪುನೀರು: ಸಾಹಸ ಪ್ರವಾಸಕ್ಕೆ ಕ್ಯಾಮೆರಾ ಆರಿಸುವುದು ಹೇಗೆ?

ಕ್ಯಾಮೆರಾ ಅಂಗಡಿಗೆ ಹೋದವರು ಮೊದಲು ಕೇಳುವುದು ‘ಜೂಮ್ ಎಷ್ಟು?’ ಎಂದು. ಮಕ್ಕಳ ಶಾಲೆಯ ವಾರ್ಷಿಕೋತ್ಸವಕ್ಕೆ ಕೊಳ್ಳುವುದಾದರೆ ಅದು ಸರಿಯಾದ ಪ್ರಶ್ನೆಯೇ. ಜುಲೈ ತಿಂಗಳಲ್ಲಿ ಮಲೆನಾಡಿನ ಬೆಟ್ಟ ಹತ್ತುವವರಿಗೆ, ಮನಾಲಿಯಿಂದ ಲೇಹ್‌ಗೆ ಬೈಕ್ ಏರಿ ಹೊರಟವರಿಗೆ ಅದು ನಾಲ್ಕನೆಯದೋ ಐದನೆಯದೋ ಆಗಬೇಕಾದ ಪ್ರಶ್ನೆ. ಒಳಗೆ ನೀರು ಹೊಕ್ಕು ಕ್ಯಾಮೆರಾ ಕೆಟ್ಟು ನಿಂತ ಮೇಲೆ ಅದರ ಜೂಮ್ 25 ಪಟ್ಟಾದರೇನು, 125 ಪಟ್ಟಾದರೇನು? ಅದು ಯಾವುದನ್ನು ತಾಳಿಕೊಳ್ಳಬೇಕು ಎಂಬುದನ್ನು ಮೊದಲು ತೀರ್ಮಾನಿಸಿ. ಎಷ್ಟು ದೂರ ನೋಡಬೇಕು ಎಂಬುದು ಆಮೇಲಿನ ಮಾತು.

ಹೆಜ್ಜೆ 1: ಹೋಗುವ ಜಾಗ ಯಾವುದು?

‘ಎಲ್ಲ ಕಡೆಗೂ ಆಗುವ ಒಂದು ಕ್ಯಾಮೆರಾ’ ಎಂಬ ಆಸೆಯನ್ನು ಮೊದಲು ಬಿಡಿ. ನಮ್ಮ ಕಡೆಯ ಚಾರಣಿಗರು ಹೆಚ್ಚಾಗಿ ಹೋಗುವ ಮೂರು ಬಗೆಯ ಜಾಗಗಳನ್ನೇ ತೆಗೆದುಕೊಳ್ಳೋಣ.

ಒಂದು, ಮಳೆಗಾಲದ ಪಶ್ಚಿಮ ಘಟ್ಟ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಈ ದಿನಗಳಲ್ಲಿ ಬೆಟ್ಟದ ತುದಿಯಿಂದ ಹತ್ತು ಮಾರು ಆಚೆ ಏನೂ ಕಾಣದಿರುವುದೇ ಹೆಚ್ಚು. ಉದ್ದದ ಜೂಮ್ ಹಾಕಿದರೆ ಮಂಜು ಇನ್ನಷ್ಟು ದೊಡ್ಡದಾಗಿ ಕಾಣುತ್ತದೆ, ಅಷ್ಟೇ. ನೋಡಲು ಸಿಗುವುದೆಲ್ಲ ಕಾಲಡಿಯಲ್ಲೇ ಇರುತ್ತದೆ: ಎಲೆಯ ಮೇಲಿನ ಕಪ್ಪೆ, ಕೊಳೆತ ಮರದ ಮೇಲಿನ ಅಣಬೆ, ದಾರಿ ಪಕ್ಕದ ಗಿಡದಲ್ಲಿ ಸುರುಳಿ ಸುತ್ತಿಕೊಂಡ ಗುಳಿಮಂಡಲ, ಬೂಟಿನ ಮೇಲೆ ತಲೆಯೆತ್ತಿದ ಇಂಬಳ. ಇಲ್ಲಿ ಬೇಕಾದುದು ವಿಶಾಲ ನೋಟ ಮತ್ತು ಹತ್ತಿರದಿಂದ ಫೋಕಸ್ ಆಗುವ ಗುಣ. ಗುಳಿಮಂಡಲದ ಮಟ್ಟಿಗೆ ಮಾತ್ರ ಹತ್ತಿರ ಹೋಗಬೇಡಿ. ಅದಕ್ಕೆ ಅಲ್ಪಸ್ವಲ್ಪ ಜೂಮ್ ಇರಲಿ. ಮಳೆ ಬಿಟ್ಟಾಗ ಮಂಗಟ್ಟೆಯೋ ಕೆಂದಳಿಲೋ ಕಂಡರೆ 300 ಎಂಎಂವರೆಗಿನ (ಈ ಅಂಕಿ ಹೆಚ್ಚಿದಷ್ಟೂ ದೂರದ್ದು ದೊಡ್ಡದಾಗಿ ಕಾಣುತ್ತದೆ) ಜೂಮ್‌ನಲ್ಲಿ ಕೆಲಸ ನಡೆಯುತ್ತದೆ.

ಎರಡು, ಲಡಾಖ್. ಇಲ್ಲಿ ಶತ್ರು ಮಳೆಯಲ್ಲ, ಹಿಟ್ಟಿನಂಥ ದೂಳು ಮತ್ತು ಚಳಿ. ಮನಾಲಿ-ಲೇಹ್ ದಾರಿಯ ಮೋರೆ ಬಯಲಿನಲ್ಲಿ ಮುಂದಿನ ಲಾರಿ ಎಬ್ಬಿಸಿದ ದೂಳು ಚೀಲದ ಜಿಪ್ಪಿನೊಳಗೂ ನುಗ್ಗುತ್ತದೆ. ಗಾಳಿ ತಿಳಿಯಾಗಿರುವುದರಿಂದ ದೂರದ್ದು ಸ್ಪಷ್ಟವಾಗಿ ಕಾಣುತ್ತದೆ. ತ್ಸೋ ಕಾರ್ ಸರೋವರದ ಬಳಿಯ ಕಾಡುಕತ್ತೆಗಳು, ಕಪ್ಪು ಕತ್ತಿನ ಕ್ರೌಂಚಗಳು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. 400-600 ಎಂಎಂ ಜೂಮ್‌ಗೆ ನಿಜವಾದ ಬೆಲೆ ಸಿಗುವುದು ಇಲ್ಲಿ.

ಮೂರು, ಸಮುದ್ರ. ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗಿ ನೇತ್ರಾಣಿಯ ಬಳಿ ನೀರಿಗಿಳಿಯುವವರಿಗೆ ಬೇಕಾದುದು ಪೂರ್ತಿ ಜಲನಿರೋಧಕ ಕ್ಯಾಮೆರಾ. ನೀರಿನೊಳಗೆ ನಾಲ್ಕಾರು ಮೀಟರ್ ಆಚೆಯದೇ ಮಸುಕಾಗುವುದರಿಂದ ಅಲ್ಲಿ ಉದ್ದದ ಜೂಮ್ ಉಪಯೋಗಕ್ಕೆ ಬಾರದು.

ನಿಮ್ಮ ಮುಂದಿನ ಎರಡು ವರ್ಷದ ಪ್ರವಾಸಗಳಲ್ಲಿ ಹೆಚ್ಚಿನವು ಇವುಗಳಲ್ಲಿ ಯಾವ ಬಗೆಯವು ಎಂದು ಯೋಚಿಸಿದರೆ ಅರ್ಧ ಆಯ್ಕೆ ಅಲ್ಲಿಗೇ ಮುಗಿಯುತ್ತದೆ.

ಹೆಜ್ಜೆ 2: ಐಪಿ ಅಂಕಿಯನ್ನು ಓದುವುದು

ಮೊಬೈಲ್ ಡಬ್ಬದ ಮೇಲೆ ಐಪಿ68 ಎಂದಿರುವುದನ್ನು ನೋಡಿರುತ್ತೀರಿ. ಐಇಸಿ 60529 ಎಂಬ ಅಂತರರಾಷ್ಟ್ರೀಯ ಮಾನದಂಡದ ಅಂಕಿ ಅದು. ಮೊದಲ ಅಂಕಿ ದೂಳಿಗೆ, ಗರಿಷ್ಠ 6. ಎರಡನೆಯದು ನೀರಿಗೆ, ಗರಿಷ್ಠ 9. ಅಂಕಿಯ ಬದಲು ಎಕ್ಸ್ ಇದ್ದರೆ ಆ ಪರೀಕ್ಷೆಯ ಫಲಿತಾಂಶ ಹೇಳಿಲ್ಲ ಎಂದರ್ಥ, ಸೊನ್ನೆ ಎಂದಲ್ಲ.

ಓಎಂ ಸಿಸ್ಟಂ ಕಂಪನಿಯ ಓಎಂ-1 ಮತ್ತು ಓಎಂ-5 ಕ್ಯಾಮೆರಾಗಳಿಗೆ ಐಪಿ53 ಇದೆ. 5 ಎಂದರೆ ಸ್ವಲ್ಪ ದೂಳು ಹೊಕ್ಕರೂ ಯಂತ್ರದ ಕೆಲಸ ಕೆಡುವುದಿಲ್ಲ. 3 ಎಂದರೆ ನೆತ್ತಿಯ ಮೇಲಿನಿಂದ ಹಿಡಿದು 60 ಡಿಗ್ರಿ ಓರೆಯವರೆಗೆ ಸಿಂಪಡಿಸುವ ನೀರನ್ನು ತಡೆಯುತ್ತದೆ. ಓದಲು ಸಾಧಾರಣ ಎನಿಸಬಹುದು. ಆದರೆ ಬಹಳಷ್ಟು ದೊಡ್ಡ ಕಂಪನಿಗಳು ತಮ್ಮ ದುಬಾರಿ ಕ್ಯಾಮೆರಾಗಳಿಗೂ ಅಂಕಿಯನ್ನೇ ಕೊಡುವುದಿಲ್ಲ. ‘ದೂಳು ಮತ್ತು ತೇವ ನಿರೋಧಕ ವಿನ್ಯಾಸ’ ಎಂದು ಬರೆದು, ಕೆಳಗೆ ಸಣ್ಣ ಅಕ್ಷರಗಳಲ್ಲಿ ‘ಪೂರ್ತಿ ತಡೆಯುವ ಭರವಸೆಯಿಲ್ಲ’ ಎಂದು ಸೇರಿಸುತ್ತವೆ. ಹಾಗೆಂದ ಮಾತ್ರಕ್ಕೆ ಅವು ಕೆಟ್ಟವಲ್ಲ. ಹೋಲಿಸಿ ನೋಡಲು ನಮಗೆ ಅಳತೆಗೋಲು ಇಲ್ಲ ಎಂಬುದಷ್ಟೇ ತೊಂದರೆ.

ಈ ಪರೀಕ್ಷೆಗಳು ನಡೆಯುವುದು ಸಿಹಿನೀರಿನಲ್ಲಿ, ಹೊಸ ಯಂತ್ರದ ಮೇಲೆ. ವೆದರ್ ಸೀಲಿಂಗ್, ಅಂದರೆ ಸಂದುಗಳಲ್ಲಿ ರಬ್ಬರ್ ಇಟ್ಟು ನೀರು, ದೂಳು ತಡೆಯುವ ಏರ್ಪಾಡು, ನಮ್ಮ ಗೊರಬಿನಂಥದ್ದು. ಗೊರಬು ಹಾಕಿಕೊಂಡು ದಿನವಿಡೀ ನಾಟಿ ಮಾಡಬಹುದು, ಅದನ್ನು ನಂಬಿ ಹೊಳೆಗೆ ಇಳಿಯುವವರಿಲ್ಲ. ಹೊಳೆಗಿಳಿಯುವವರು ಆಳವನ್ನು ಮೀಟರ್‌ಗಳಲ್ಲಿ ಹೇಳಿರುವ ಕ್ಯಾಮೆರಾವನ್ನೇ ಕೊಳ್ಳಬೇಕು.

ಹೆಜ್ಜೆ 3: ಲೆನ್ಸ್‌ನ ಹಿಂಬದಿಯನ್ನು ತಿರುಗಿಸಿ ನೋಡಿ

ಹೆಚ್ಚಿನವರು ಮೋಸಹೋಗುವ ಜಾಗ ಇದು. ಕ್ಯಾಮೆರಾದ ಬಾಡಿಯಲ್ಲಿ (ಲೆನ್ಸ್ ಬಿಟ್ಟು ಉಳಿದ ಭಾಗದಲ್ಲಿ) ಸೀಲಿಂಗ್ ಇದ್ದು ಲೆನ್ಸ್‌ಗೆ ಇಲ್ಲದಿದ್ದರೆ ನೀರು ಒಳಗೆ ಹೋಗಲು ಎರಡೂ ಸೇರುವ ಸಂದು ಸಾಕು. ಕ್ಯಾನನ್ ಇಒಎಸ್ ಆರ್7 ಬಾಡಿಯಲ್ಲಿ ದೂಳು, ತೇವಗಳನ್ನು ತಡೆಯುವ ಸೀಲಿಂಗ್ ಇದೆ. ಅದರ ಜೊತೆ ಕಿಟ್ ಆಗಿ ಮಾರುವ ಆರ್‌ಎಫ್-ಎಸ್ 18-150 ಎಂಎಂ ಲೆನ್ಸ್‌ಗೆ ಅದಿಲ್ಲ. ಒಳ್ಳೆಯ ಲೆನ್ಸೇ, ಬೇಸಿಗೆಯ ಹಂಪಿಗೆ ಧಾರಾಳವಾಗಿ ಕೊಂಡೊಯ್ಯಿರಿ. ಮಳೆಯ ಆಗುಂಬೆಗೆ ಬೇಡ.

ಪರೀಕ್ಷೆ ಸುಲಭ. ಲೆನ್ಸ್ ಕಳಚಿ, ಲೋಹದ ಬಳೆಯ ಅಂಚಿನಲ್ಲಿ ತೆಳುವಾದ ರಬ್ಬರ್ ಸುತ್ತು ಇದೆಯೇ ನೋಡಿ. ಇಲ್ಲದಿದ್ದರೆ ಉಳಿದದ್ದು ಕೇಳಬೇಕಾಗಿಯೇ ಇಲ್ಲ. ಫ್ಯೂಜಿಫಿಲ್ಮ್ ತನ್ನ ಸೀಲ್ ಮಾಡಿದ ಲೆನ್ಸ್‌ಗಳ ಹೆಸರಿನಲ್ಲೇ ‘ಡಬ್ಲ್ಯುಆರ್’ ಎಂದು ಸೇರಿಸುವುದರಿಂದ ಗುರುತಿಸುವ ಕಷ್ಟ ಕಡಿಮೆ. ಬಾಡಿಯದು ಎಷ್ಟೇ ಅಂಕಿಯಿರಲಿ, ಜೋಡಿಯ ಲೆಕ್ಕಕ್ಕೆ ಬರುವುದು ಇಬ್ಬರಲ್ಲಿ ದುರ್ಬಲರದ್ದೇ.

ಜೂಮ್ ಮಾಡಿದಾಗ ಲೆನ್ಸ್ ಮುಂದಕ್ಕೆ ಚಾಚಿಕೊಳ್ಳುತ್ತದೆಯೇ ಎಂಬುದನ್ನೂ ಗಮನಿಸಿ. ಚಾಚಿದಾಗ ಒಳಗಿನ ಜಾಗ ಹಿಗ್ಗಿ ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ, ಗಾಳಿಯ ಜೊತೆ ದೂಳು, ತೇವಗಳೂ ಬರುತ್ತವೆ. ಪ್ರವಾಸಕ್ಕೆ ಒಪ್ಪುವ ಹಗುರ ಜೂಮ್‌ಗಳೆಲ್ಲ ಸಾಮಾನ್ಯವಾಗಿ ಇಂಥವೇ ಆದ್ದರಿಂದ ತಪ್ಪಿಸಿಕೊಳ್ಳಲಾಗದು. ಚಾಚಿದ ಕೊಳವೆಯ ಮೇಲೆ ಹನಿ ನಿಂತಿದ್ದರೆ ಒರೆಸಿದ ಮೇಲೆಯೇ ಒಳಗೆ ಸೇರಿಸುವ ಅಭ್ಯಾಸ ಮಾಡಿಕೊಂಡರೆ ಸಾಕು.

ಹೆಜ್ಜೆ 4: ಈಗ ಜೂಮ್

‘30 ಪಟ್ಟು’ ಎಂಬುದು ಅನುಪಾತ ಮಾತ್ರ. ಅತಿ ವಿಶಾಲ ನೋಟಕ್ಕೂ ಅತಿ ಕಿರಿದಾದ ನೋಟಕ್ಕೂ ಇರುವ ವ್ಯತ್ಯಾಸ. 25ರಿಂದ 100 ಎಂಎಂ ಎಂದರೆ 4 ಪಟ್ಟು, 24ರಿಂದ 600 ಎಂದರೆ 25 ಪಟ್ಟು. ಹಾಗಾಗಿ ಪಟ್ಟು ಬಿಟ್ಟು ಎಂಎಂ ಕೇಳಿ, ಅದೂ ಹಳೆಯ ಫಿಲ್ಮಿನ ಚೌಕಟ್ಟಿನಷ್ಟು ದೊಡ್ಡ ಸೆನ್ಸರ್ (ಬೆಳಕು ಹಿಡಿಯುವ ಫಲಕ), ಅಂದರೆ ಫುಲ್ ಫ್ರೇಮ್‌ಗೆ ಸಮನಾದ ಎಂಎಂ. ಅದಕ್ಕಿಂತ ಚಿಕ್ಕದಾದ ಎಪಿಎಸ್-ಸಿ ಸೆನ್ಸರ್ ಇದ್ದರೆ ಲೆನ್ಸ್ ಮೇಲಿನ ಅಂಕಿಯನ್ನು ಸುಮಾರು 1.5ರಿಂದ (ಕ್ಯಾನನ್ ಆದರೆ 1.6), ಇನ್ನೂ ಚಿಕ್ಕದಾದ ಮೈಕ್ರೋ ಫೋರ್ ಥರ್ಡ್ಸ್ ಆದರೆ 2ರಿಂದ ಗುಣಿಸಿ. ಡಿಜಿಟಲ್ ಜೂಮ್ ಎಂಬುದನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ. ಚಿತ್ರ ಕತ್ತರಿಸಿ ಹಿಗ್ಗಿಸುವ ಕೆಲಸವನ್ನು ಮನೆಗೆ ಬಂದು ಕಂಪ್ಯೂಟರಿನಲ್ಲೂ ಮಾಡಬಹುದು.

ಜೂಮ್ ಎಷ್ಟು ಎಂಬುದಕ್ಕಿಂತ ಆ ತುದಿಯಲ್ಲಿ ಲೆನ್ಸ್ ಎಷ್ಟು ಬೆಳಕು ಒಳಗೆ ಬಿಡುತ್ತದೆ ಎಂಬುದು ಕಾಡಿನಲ್ಲಿ ಮುಖ್ಯ. ಎಫ್/2.8 ಲೆನ್ಸ್ ಎಫ್/5.6ಕ್ಕಿಂತ ನಾಲ್ಕು ಪಟ್ಟು ಬೆಳಕು ಬಿಡುತ್ತದೆ. 125 ಪಟ್ಟು ಜೂಮ್ ಇರುವ ನಿಕಾನ್ ಪಿ1000 ತನ್ನ 3000 ಎಂಎಂ ತುದಿಯಲ್ಲಿ ಎಫ್/8ಕ್ಕೆ ಇಳಿಯುತ್ತದೆ. ಮೋಡ ಕವಿದ ಸಂಜೆ ನಾಲ್ಕು ಗಂಟೆಗೆ ಶೋಲಾ ಕಾಡಿನೊಳಗೆ ಅದರಿಂದ ಸಿಗುವುದು ಕಾಳುಕಾಳಾದ ಕಪ್ಪು ಚಿತ್ರ. ಚಂದ್ರನ ಚಿತ್ರಕ್ಕೆ ಅದಕ್ಕೆ ಸಾಟಿಯಿಲ್ಲ, ಒಪ್ಪೋಣ. ಆದರೆ 1.4 ಕೆ.ಜಿ. ತೂಕದ ಅದನ್ನು ಹೊತ್ತು ಮಳೆಯಲ್ಲಿ ಬೆಟ್ಟ ಹತ್ತುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ, ಅದಕ್ಕೆ ಸೀಲಿಂಗ್ ಕೂಡ ಇಲ್ಲ.

ಕೈ ನಡುಕದ ಲೆಕ್ಕ ಇನ್ನೊಂದು. 300 ಎಂಎಂನಲ್ಲಿ ಷಟರ್ ವೇಗ ಸೆಕೆಂಡಿನ 1/300 ಆದರೂ ಇರಲಿ ಎಂಬುದು ಹಳೆಯ ನಿಯಮ. ಸ್ಟೆಬಿಲೈಸೇಶನ್ ಇದ್ದರೆ ಇದಕ್ಕಿಂತ ಎಷ್ಟೋ ನಿಧಾನಕ್ಕೆ ಇಳಿಸಬಹುದು. ಆದರೆ ಅದು ತಡೆಯುವುದು ನಿಮ್ಮ ಕೈಯ ನಡುಕವನ್ನು, ಹಾರುವ ಹಕ್ಕಿಯ ರೆಕ್ಕೆಯನ್ನಲ್ಲ.

ಹೆಜ್ಜೆ 5: ಮೂರು ದಾರಿಗಳಲ್ಲಿ ಒಂದು

ಜೇಬಿನ ಗಟ್ಟಿ ಕ್ಯಾಮೆರಾ ಮೊದಲ ದಾರಿ. ಓಎಂ ಸಿಸ್ಟಂನ ಟಿಜಿ-7 (2023) ಇದರ ಮಾದರಿ. 15 ಮೀಟರ್ ಆಳದ ನೀರು, 2.1 ಮೀಟರ್ ಎತ್ತರದಿಂದ ಬೀಳುವುದು, 100 ಕೆ.ಜಿ. ಭಾರ, ಮೈನಸ್ 10 ಡಿಗ್ರಿ ಚಳಿ, ಇವಿಷ್ಟನ್ನೂ ತಾಳುತ್ತದೆ ಎನ್ನುತ್ತದೆ ಕಂಪನಿ. ಜೂಮ್ 25-100 ಎಂಎಂ ಮಾತ್ರ, ಸೆನ್ಸರ್ ಚಿಕ್ಕದು. ಆದರೆ ಲೆನ್ಸ್‌ನಿಂದ ಒಂದೇ ಸೆಂಟಿಮೀಟರ್ ದೂರದಲ್ಲಿ ಫೋಕಸ್ ಮಾಡಬಲ್ಲದು; ಕಪ್ಪೆ, ಅಣಬೆ, ಕೀಟಗಳಿಗೆ ಇದಕ್ಕಿಂತ ನಿಶ್ಚಿಂತೆಯ ಕ್ಯಾಮೆರಾ ಇಲ್ಲ. ಮೊದಲ ಸಲ ಸ್ಕೂಬಾ ಮಾಡುವವರನ್ನು 12 ಮೀಟರ್‌ಗಿಂತ ಆಳಕ್ಕೆ ಒಯ್ಯುವುದಿಲ್ಲವಾದ್ದರಿಂದ ಅವರಿಗೂ ಸಾಕು. ಓಪನ್ ವಾಟರ್ ತರಬೇತಿ ಮುಗಿಸಿ 18 ಮೀಟರ್‌ಗೆ ಇಳಿಯುವವರು ಪ್ರತ್ಯೇಕ ಕವಚ ಕೊಳ್ಳಬೇಕು. ಆಳ ಹತ್ತು ಮೀಟರ್ ಹೆಚ್ಚಿದಂತೆ ವಾಯುಭಾರದಷ್ಟೇ ಒತ್ತಡ ಮತ್ತೆ ಸೇರುತ್ತದೆ, ಆದ್ದರಿಂದ ಹೇಳಿದ ಆಳವನ್ನು ಮೀರುವ ಸಾಹಸ ಬೇಡ.

ಲೆನ್ಸ್ ಬದಲಿಸಲಾಗದ, ಸೀಲ್ ಮಾಡಿದ ಉದ್ದ ಜೂಮ್ ಕ್ಯಾಮೆರಾ ಎರಡನೆಯದು. ಲೆನ್ಸ್ ಕಳಚುವಂತೆಯೇ ಇಲ್ಲದಿರುವುದರಿಂದ ಲಡಾಖಿನ ದೂಳಿಗೆ ಇದು ಹೇಳಿಮಾಡಿಸಿದ್ದು. ದುರದೃಷ್ಟಕ್ಕೆ ಈ ಜಾತಿ ಕ್ಷೀಣಿಸುತ್ತಿದೆ. ಸೋನಿ ಆರ್‌ಎಕ್ಸ್10 ನಾಲ್ಕನೆಯ ಆವೃತ್ತಿ (2017) 24-600 ಎಂಎಂ, ಎಫ್/2.4-4, ತೂಕ 1.1 ಕೆ.ಜಿ. ಪ್ಯಾನಸೋನಿಕ್ ಎಫ್‌ಜೆಡ್300 (2015) 25-600 ಎಂಎಂ ಉದ್ದಕ್ಕೂ ಎಫ್/2.8 ಇಟ್ಟುಕೊಳ್ಳುತ್ತದೆ, ಆದರೆ ಸೋನಿಯ ಒಂದಿಂಚಿನ ಸೆನ್ಸರ್‌ನ ವಿಸ್ತೀರ್ಣ ಇದರದಕ್ಕಿಂತ ಸುಮಾರು ನಾಲ್ಕು ಪಟ್ಟು. ಇವನ್ನು ಹಳೆಯದಾಗಿ ಕೊಳ್ಳುವವರು ರಬ್ಬರ್ ಮುಪ್ಪಾಗುತ್ತದೆ ಎಂಬುದನ್ನು ಮರೆಯಬಾರದು. ಏಳೆಂಟು ವರ್ಷದ ಸೀಲಿಂಗ್‌ಗೆ ಪೂರ್ತಿ ಅಂಕ ಕೊಡಬೇಡಿ.

ಮೂರನೆಯದು ಲೆನ್ಸ್ ಬದಲಿಸಬಲ್ಲ, ಸೀಲ್ ಮಾಡಿದ ಮಿರರ್‌ಲೆಸ್ ಬಾಡಿ, ಸೀಲ್ ಮಾಡಿದ ಒಂದೇ ಒಂದು ಜೂಮ್. ಓಎಂ-5ಗೆ 14-150 ಎಂಎಂ (ಎರಡನೆಯ ಆವೃತ್ತಿ) ಜೋಡಿಸಿದರೆ 28-300 ಎಂಎಂ ನೋಟ, ಒಟ್ಟು ತೂಕ ಸುಮಾರು 700 ಗ್ರಾಂ. ಫ್ಯೂಜಿ ಎಕ್ಸ್-ಟಿ5ಗೆ 18-135 ಡಬ್ಲ್ಯುಆರ್ ಜೋಡಿಸಿದರೆ 27ರಿಂದ 206 ಎಂಎಂ, ಸೆನ್ಸರ್ ಇನ್ನೂ ದೊಡ್ಡದು, ತೂಕ ಒಂದು ಕಿಲೋ ದಾಟುತ್ತದೆ. ಘಟ್ಟದ ಚಾರಣಿಗರು ನನ್ನನ್ನು ಕೇಳಿದರೆ ಮೊದಲನೆಯ ಜೋಡಿಯನ್ನೇ ಹೇಳುತ್ತೇನೆ. ಬೆನ್ನಿನ ಚೀಲದಲ್ಲಿ ಉಳಿದ 300 ಗ್ರಾಂ ಜಾಗಕ್ಕೆ ಒಣ ಕಾಲುಚೀಲಗಳು ಬರುತ್ತವೆ.

ಹೆಜ್ಜೆ 6: ಅಂಗಡಿಯಲ್ಲಿ

ಮಳೆಯಂಗಿ, ಕೈಗವಸು ಒಯ್ಯಿರಿ. ಅಂಗಡಿಯವರು ನಕ್ಕರೂ ಚಿಂತೆಯಿಲ್ಲ. ಕೈಗವಸು ಹಾಕಿಕೊಂಡೇ ಗುಂಡಿಗಳನ್ನು ಒತ್ತಿ, ಜೂಮ್ ತಿರುಗಿಸಿ. ಎಲ್ಲವೂ ಟಚ್ ಪರದೆಯಲ್ಲೇ ನಡೆಯುವ ಕ್ಯಾಮೆರಾ ಮಳೆಯಲ್ಲಿ ಸತಾಯಿಸುತ್ತದೆ, ಹನಿಯನ್ನೂ ಅದು ಬೆರಳೆಂದೇ ತಿಳಿಯುತ್ತದೆ. ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಇದ್ದರೆ ಒಳ್ಳೆಯದು. ಬ್ಯಾಟರಿ, ಚಾರ್ಜಿಂಗ್ ಕಿಂಡಿಗಳ ಮುಚ್ಚಳ ಎಷ್ಟು ಬಿಗಿಯಾಗಿದೆ ನೋಡಿ. ಸಾಮಾನ್ಯ ಕ್ಯಾಮೆರಾಗಳಿಗೆ ಕಂಪನಿ ಹೇಳುವ ಕನಿಷ್ಠ ಉಷ್ಣತೆ 0 ಡಿಗ್ರಿ. ಹಿಮಾಲಯಕ್ಕೆ ಹೋಗುವವರು ಮೈನಸ್ 10 ಎಂದಿರುವುದನ್ನು ಹುಡುಕಿ.

ಬಿಲ್ ಮಾಡಿಸುವ ಮುನ್ನ ವಾರಂಟಿ ಪತ್ರ ಓದಿ. ಮಳೆಗೆ ಹೆದರದು ಎಂದು ಜಾಹೀರಾತು ಕೊಡುವ ಹಲವು ಕಂಪನಿಗಳು ನೀರಿನಿಂದಾದ ಹಾನಿಯನ್ನು ವಾರಂಟಿಯಿಂದ ಹೊರಗಿಡುತ್ತವೆ. ಹೊರದೇಶದಿಂದ ತರಿಸಿ ಅಗ್ಗಕ್ಕೆ ಮಾರುವ ಮಾಲಿಗೆ ಇಲ್ಲಿನ ವಾರಂಟಿಯೇ ಇರುವುದಿಲ್ಲ. ನಿಮಗೆ ಹತ್ತಿರದ ಸರ್ವೀಸ್ ಕೇಂದ್ರ ಎಲ್ಲಿದೆ, ಅಲ್ಲಿ ಸೀಲ್ ಬದಲಿಸುತ್ತಾರೆಯೇ ಎಂದು ಕೇಳಿ. ಜಲನಿರೋಧಕ ಕ್ಯಾಮೆರಾಗಳ ಸೀಲನ್ನು ವರ್ಷಕ್ಕೊಮ್ಮೆ ಬದಲಿಸಲು ತಯಾರಕರೇ ಸಲಹೆ ನೀಡುತ್ತಾರೆ. ಬೆಂಗಳೂರಿನಲ್ಲಿ ಕ್ಯಾಮೆರಾ ಬಾಡಿಗೆಗೆ ಕೊಡುವ ಅಂಗಡಿಗಳು ಸಾಕಷ್ಟಿವೆ. ವಾರಾಂತ್ಯಕ್ಕೆ ಒಂದನ್ನು ತಂದು ಸಾವನದುರ್ಗ ಹತ್ತಿ ಇಳಿದರೆ ತೂಕದ ವಿಷಯದಲ್ಲಿ ಯಾರ ಸಲಹೆಯೂ ಬೇಕಾಗುವುದಿಲ್ಲ.

ಹೆಜ್ಜೆ 7: ಕೊಂಡ ಮೇಲೆ

ಮಳೆಯಲ್ಲಿ, ದೂಳಿನಲ್ಲಿ ಲೆನ್ಸ್ ಬದಲಿಸಬೇಡಿ, ಮುಚ್ಚಳ ತೆರೆಯಬೇಡಿ. ಸಮುದ್ರದಿಂದ ಬಂದ ಜಲನಿರೋಧಕ ಕ್ಯಾಮೆರಾವನ್ನು ಮುಚ್ಚಳ ಬಿಗಿದಿರುವಂತೆಯೇ ಸಿಹಿನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿಡಿ. ಉಪ್ಪು ಹರಳುಗಟ್ಟಿದರೆ ರಬ್ಬರ್ ಸೀಲ್ ಸರಿಯಾಗಿ ಕೂರುವುದಿಲ್ಲ. ಕೇವಲ ಸೀಲ್ ಮಾಡಿದ ಕ್ಯಾಮೆರಾವನ್ನು ಹಾಗೆ ಅದ್ದುವಂತಿಲ್ಲ, ಹಿಂಡಿದ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಆಯಿತು. ಚಳಿಯಲ್ಲಿ ಹೆಚ್ಚುವರಿ ಬ್ಯಾಟರಿ ಒಳಂಗಿಯ ಜೇಬಿನಲ್ಲಿರಲಿ, ವಿಮಾನದಲ್ಲಿ ಕೈಚೀಲದಲ್ಲಿರಲಿ. ಹಿಮದಿಂದ ಬೆಚ್ಚನೆಯ ಕೋಣೆಗೆ ಬರುವ ಮುನ್ನ ಹೊರಗೇ ಕ್ಯಾಮೆರಾವನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮುಚ್ಚಿ. ಇಬ್ಬನಿ ಚೀಲದ ಮೇಲೆ ಕೂರುತ್ತದೆ, ಲೆನ್ಸ್ ಮೇಲಲ್ಲ.

ಮಲೆನಾಡು, ಕರಾವಳಿಯವರಿಗೆ ಮಳೆಗಿಂತ ದೊಡ್ಡ ಕಾಟ ಮನೆಯ ಕಪಾಟಿನಲ್ಲೇ ಇದೆ. ತೇವ ಇಳಿಯದ ಲೆನ್ಸ್ ಚರ್ಮದ ಚೀಲದಲ್ಲಿ ಮಳೆಗಾಲ ಕಳೆದರೆ ಗಾಜಿನ ಮೇಲೆ ಬೂಷ್ಟು ಬಲೆ ಹೆಣೆಯುತ್ತದೆ. ಪ್ರವಾಸದಿಂದ ಬಂದ ಕೂಡಲೇ ಚೀಲದಿಂದ ಹೊರತೆಗೆದು ಫ್ಯಾನಿನ ಗಾಳಿಗೆ ಒಣಗಿಸಿ, ಆಮೇಲೆ ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಒಳಗಿನ ತೇವಾಂಶ ಶೇ 40-50ರ ಆಸುಪಾಸು ಇದ್ದರೆ ಚೆನ್ನ, ಅಳೆಯುವ ಪುಟ್ಟ ಮೀಟರ್ ಸಿಗುತ್ತದೆ. ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ಬಿಸಿ ಮಾಡಿ ಮತ್ತೆ ಬಳಸಬಹುದು. ಆದರೆ ಆ ನೀಲಿ ಬಣ್ಣ ಬರುವುದು ವಿಷಕಾರಿ ಕೋಬಾಲ್ಟ್ ಲವಣದಿಂದ, ಹಾಗಾಗಿ ಒಗ್ಗರಣೆ ಹಾಕುವ ಬಾಣಲೆಯನ್ನು ಅದಕ್ಕೆ ಮುಟ್ಟಬೇಡಿ.