ಕೆರೆಯ ನೀರಿನ ಪಾದರಸವನ್ನು ಚಿನ್ನದ ನ್ಯಾನೊಕಣದಿಂದ ಅಳೆದ ನನ್ನ ಅನುಭವ

ಬಟ್ಟಿ ಇಳಿಸಿದ ನೀರಿನಲ್ಲಿ ಪಾದರಸವನ್ನು ಚೆನ್ನಾಗಿ ತೋರಿಸುವ ಚಿನ್ನದ ನ್ಯಾನೊಕಣಗಳು ಕೆರೆಯ ನೀರಿನಲ್ಲಿ ಕೈಕೊಡುತ್ತವೆ ಎಂದು ನನಗೆ ಹೇಳದ ಸಹೋದ್ಯೋಗಿಗಳಿಲ್ಲ. ಮೊದಲ ಎರಡು ವರ್ಷ ಅವರ ಮಾತೇ ನಿಜವಾಯಿತು. ಸಿಟ್ರೇಟ್ ಹೊದಿಕೆಯ ಸುಮಾರು 13 ನ್ಯಾನೊಮೀಟರಿನ ಚಿನ್ನದ ಕಣ, ಥೈಮಿನ್ ಎಂಬ ಘಟಕ ತುಂಬಿದ ಒಂಟಿ ಎಳೆಯ ಡಿಎನ್‌ಎ, ಕೊನೆಗೆ ಉಪ್ಪು, ಹೀಗೆ ಎಲ್ಲರ ಕ್ರಮವನ್ನೇ ಹಿಡಿದಿದ್ದೆ. ಉಪ್ಪಿಗೆ ಕಣಗಳು ಗುಂಪುಗೂಡದಂತೆ ಡಿಎನ್‌ಎ ಕಾಯುತ್ತದೆ; ಪಾದರಸ ಥೈಮಿನ್‌ಗೆ ಅಂಟಿ ಆ ಕಾವಲು ಕಳಚಿದರೆ ಕಣಗಳು ಗುಂಪುಗೂಡಿ ಕೆಂಪು ನೀಲಿಯಾಗುತ್ತದೆ. ಗಡಸು ನೀರು ಬಿದ್ದೊಡನೆ, ಪಾದರಸವೇ ಇಲ್ಲದ ಮಾದರಿಯಲ್ಲೂ ದ್ರಾಕ್ಷಾರಸದಂಥ ಕೆಂಪು ನೇರಳೆಗೆ, ನೇರಳೆ ನೀಲಿಗೆ ತಿರುಗಿ, ಅರ್ಧ ಗಂಟೆಯೊಳಗೆ ಕಪ್ಪು ಮಡ್ಡಿಯಾಗಿ ಕೊಳವೆಯ ತಳ ಸೇರುತ್ತಿತ್ತು. ಅದು ಕ್ಯಾಲ್ಸಿಯಂನ ಕೆಲಸ. ಕ್ಯಾಲ್ಸಿಯಂ ಕಟ್ಟಿಹಾಕಲು ಲೋಹಗಳನ್ನು ಹಿಡಿಯುವ ಇಡಿಟಿಎ ಎಂಬ ರಾಸಾಯನಿಕ ಹಾಕಿದರೆ ಅದು ಪಾದರಸವನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಿತು. ಮೂರು ತಿಂಗಳು ಅದರಲ್ಲೇ ಹೋಯಿತು. ಕೊಳೆತ ಎಲೆಗಳ ಕಂದು ನೀರಿನಲ್ಲಿ ತೊಂದರೆ ತಿರುವುಮುರುವು: ಹ್ಯೂಮಿಕ್ ಆಮ್ಲ ಕಣಗಳಿಗೆ ಹೊದಿಕೆಯಾಗಿ, ಎಷ್ಟು ಪಾದರಸ ಸುರಿದರೂ ಬಣ್ಣ ಕದಲಲಿಲ್ಲ.

ಆ ವರ್ಷದ ಅನುದಾನದಲ್ಲಿ ಮೂರನೇ ಒಂದು ಪಾಲಿನಷ್ಟನ್ನು ಕಣ ತಯಾರಿಸಲು ಬೇಕಾದ ಚಿನ್ನದ ಲವಣವೇ ನುಂಗಿತು. ಅದರಲ್ಲಿ ಸಾಕಷ್ಟು ಭಾಗ ವ್ಯರ್ಥವಾದದ್ದು ಆಕ್ವಾ ರೀಜಿಯಾ ಎಂಬ ಪ್ರಬಲ ಆಮ್ಲ ಮಿಶ್ರಣದಲ್ಲಿ ತೊಳೆಯದೆ ಬಳಸಿದ ಒಂದೇ ಫ್ಲಾಸ್ಕಿನಿಂದ ಎಂಬ ಸಂಕಟ ಇಂದಿಗೂ ಹೋಗಿಲ್ಲ. ಖರ್ಚು ತಗ್ಗಿಸಲು ನಡುವೆ ಬೆಳ್ಳಿಯ ಕಣಗಳನ್ನೂ ಪರೀಕ್ಷಿಸಿದೆ. ಅವುಗಳ ಹಳದಿ ಬಣ್ಣ ಪಾದರಸಕ್ಕೆ ಸೊಗಸಾಗಿ ಮಾಸುತ್ತದೆ, ಆದರೆ ಕ್ಲೋರೈಡ್ ಹೆಚ್ಚಿರುವ ನೀರಿನಲ್ಲಿ ಪಾದರಸವಿಲ್ಲದೆಯೂ ಮಾಸಿತು.

ಕೊನೆಗೆ ದಾರಿ ಸಿಕ್ಕಿದ್ದು, ಎಲ್ಲ ಮಾದರಿಗೂ ಒಂದೇ ಪ್ರಮಾಣದ ಉಪ್ಪು ಹಾಕುವ ಅಭ್ಯಾಸ ಬಿಟ್ಟಾಗ. ಮೊದಲು ನೀರಿನ ಗಡಸುತನ ಅಳೆದು, ಅದಕ್ಕೆ ತಕ್ಕಂತೆ ಉಪ್ಪನ್ನು ಕಡಿಮೆ ಮಾಡುತ್ತೇನೆ. ಅಡುಗೆ ಉಪ್ಪಿನಲ್ಲಿರುವ ಕ್ಲೋರೈಡ್ ಪಾದರಸವನ್ನು ಹಿಡಿದಿಡುವುದರಿಂದ ಉಪ್ಪಾಗಿ ಸೋಡಿಯಂ ನೈಟ್ರೇಟನ್ನೇ ಬಳಸುತ್ತೇನೆ. ಹ್ಯೂಮಿಕ್ ಆಮ್ಲವನ್ನು ಒಡೆಯಲು ಕಂದು ನೀರನ್ನು ಪರ್‌ಸಲ್ಫೇಟ್ ಎಂಬ ಉತ್ಕರ್ಷಕ ಬೆರೆಸಿ ನೇರಳಾತೀತ ದೀಪದ ಕೆಳಗೆ ಒಂದು ಗಂಟೆ ಇಡುತ್ತೇನೆ. ಉಳಿದ ಪರ್‌ಸಲ್ಫೇಟನ್ನು ತೆಗೆಯುವ ಬಗೆಯೇ ಇಡೀ ವಿಧಾನದ ಜೀವಾಳ, ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಪ್ರತಿ ಮಾದರಿಯನ್ನೂ ನಾಲ್ಕು ಕೊಳವೆಗಳಿಗೆ ಹಂಚಿ, ಮೂರಕ್ಕೆ ಗೊತ್ತಿರುವಷ್ಟು ಪಾದರಸ ಸೇರಿಸಿ, 650 (ಗುಂಪುಗೂಡಿ ನೀಲಿಯಾದ ಕಣ) ಮತ್ತು 520 (ಬಿಡಿಯಾದ ಕೆಂಪು ಕಣ) ನ್ಯಾನೊಮೀಟರಿನ ಬೆಳಕಿನ ಹೀರಿಕೆಯ ಅನುಪಾತವನ್ನು ಓದುತ್ತೇನೆ.

ಈಗ ಲೀಟರಿಗೆ 4-5 ಮೈಕ್ರೋಗ್ರಾಂನಷ್ಟು ಕಡಿಮೆ ಪಾದರಸದ ಅಳತೆಯನ್ನೂ ನಂಬಬಹುದು. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಮಟ್ಟ 6. ಕಳೆದ ಸುತ್ತಿನ ಇಪ್ಪತ್ತೆರಡು ಮಾದರಿಗಳಲ್ಲಿ ಹತ್ತೊಂಬತ್ತು, ಪಾದರಸವನ್ನು ಆವಿಯಾಗಿಸಿ ಅಳೆಯುವ ಕೋಲ್ಡ್ ವೇಪರ್ ಉಪಕರಣದ ಅಂಕಿಗೆ ಶೇ. 15ರ ಒಳಗೇ ಬಂದವು. ಅನುಮಾನಿಸಿದ್ದವರೇ ಈಗ ತಮ್ಮ ಮಾದರಿಗಳನ್ನು ನನಗೆ ಕಳುಹಿಸುತ್ತಿದ್ದಾರೆ. ತಪ್ಪಿದ ಮೂರೂ ಅಳಿವೆಯ ಉಪ್ಪುನೀರಿನವು. ಅವುಗಳಿಗಾಗಿ ಬೇರೊಂದು ಹೊದಿಕೆಯ ಕಣಗಳನ್ನು ತಯಾರಿಸುತ್ತಿದ್ದೇನೆ.